ದುರ್ಯೋಧನನಿಗೂ ಒಂದು ರಾತ್ರಿ

ಕೃಷ್ಣಗಿರಿ ಸೀಮೆಯ ಹಳ್ಳಿಗಳಲ್ಲಿ ಬೇಸಿಗೆ ಬಂದರೆ ಭಾರತ ನಡೆಯುತ್ತದೆ. ಧರ್ಮರಾಯನ ಗುಡಿಯ ಮುಂದೆ ಹಗಲು ಪ್ರವಚನ, ರಾತ್ರಿ ತೆರುಕೂತ್ತು ಎಂಬ ಬಯಲಾಟ. ಕೊನೆಯ ದಿನ ಬೆಳಿಗ್ಗೆ ಬಯಲಿನಲ್ಲಿ ದುರ್ಯೋಧನನ ಭಾರಿ ಮಣ್ಣಿನ ಮೂರ್ತಿಯನ್ನು ಅಂಗಾತ ಮಲಗಿಸಿರುತ್ತಾರೆ. ಭೀಮನ ವೇಷದವನು ಬಂದು ಅದರ ತೊಡೆ ಒಡೆಯುತ್ತಾನೆ. ಆದರೆ ಆ ಬೆಳಗಿಗೆ ಮೊದಲು ಒಂದು ರಾತ್ರಿ ಕೃಷ್ಣ ಸಂಧಾನ ಆಗಿರುತ್ತದೆ. ಆ ರಾತ್ರಿ ದುರ್ಯೋಧನನ ಮಾತಿಗೆ ಯಾರೂ ಅಡ್ಡ ಬರುವುದಿಲ್ಲ. ಐದು ಊರನ್ನೂ ಏಕೆ ಕೊಡಲಾರೆ ಎಂದು ಅವನು ಕಾರಣ ಹೇಳುತ್ತಾನೆ, ಹಾಡುತ್ತಾನೆ, ಮತ್ತೆ ಹೇಳುತ್ತಾನೆ. ಕೃಷ್ಣನ ವೇಷದವನು ನಿಂತು ಕೇಳಿಸಿಕೊಂಡು, ಅವನು ಆಡಿದ ಮಾತಿಗೇ ಉತ್ತರ ಕೊಡಬೇಕು. ಎದುರಿಗಿರುವವನನ್ನು ಬಿಟ್ಟು ಜನರ ಕಡೆ ತಿರುಗಿ ಅವನ ನಡಿಗೆಯನ್ನು ಅಣಕಿಸಿ ನಗಿಸುವುದು ಕೃಷ್ಣನ ಕೆಲಸವಲ್ಲ. ಅದಕ್ಕೆಂದೇ ಆಟದಲ್ಲಿ ಕಟ್ಟಿಯಕಾರ ಇದ್ದಾನೆ, ಅವನು ಕೋಡಂಗಿ. ನಾಳೆ ತೊಡೆ ಮುರಿಸಿಕೊಳ್ಳುವವನಿಗೂ ಇವತ್ತು ಒಂದಿಡೀ ರಾತ್ರಿ ಮಾತಾಡಲು ಬಿಡುತ್ತಾರೆ, ಇದು ಆಟದ ಕಟ್ಟು.

ಹೊಸೂರು, ಕೃಷ್ಣಗಿರಿಯ ರಾಜಕೀಯ ವೇದಿಕೆಯನ್ನು ನಾನು ಅಳೆಯುವುದು ಈ ಕಟ್ಟಿನಿಂದ. ನಮ್ಮ ರಾಜಕೀಯದ ಮಾತು ಕೆಟ್ಟಿತು ಎಂದು ಎಲ್ಲರೂ ಹೇಳುತ್ತಾರೆ. ಕೆಟ್ಟದ್ದು ಏನು ಎಂದು ಕೇಳಿದರೆ ಬೈಗುಳ ಹೆಚ್ಚಾಯಿತು, ಏಕವಚನ ಬಂತು, ಹೆಂಗಸರ ಬಗ್ಗೆ ಹಗುರ ಮಾತು ಬಂತು ಎನ್ನುತ್ತಾರೆ. ಇವೆಲ್ಲ ನಿಜ. ಆದರೆ ಬೈಗುಳ ಮೊದಲೂ ಇತ್ತು, ಧಾರಾಳವಾಗಿಯೇ ಇತ್ತು. ಮೊದಲು ಇದ್ದು ಈಗ ಇಲ್ಲದ್ದು ಬೇರೆ. ಮಾತಾಡುವವನಿಗೆ ತನ್ನ ಎದುರಾಳಿ ಕೇಳುತ್ತಿದ್ದಾನೆ, ನಾಳೆ ಉತ್ತರ ಕೊಡುತ್ತಾನೆ ಎಂಬ ನಂಬಿಕೆ ಇತ್ತು. ಈಗಿನ ವೇದಿಕೆಯಲ್ಲಿ ಎದುರಾಳಿಗೆ ಕೇಳುಗನ ಜಾಗವಿಲ್ಲ. ಅವನು ಮಾತಿನ ಸರಕು. ಮಾತೆಲ್ಲ ನಮ್ಮವರಿಂದ ನಮ್ಮವರಿಗೆ.

ಈ ವ್ಯತ್ಯಾಸವನ್ನು ತೋರಿಸಲು ನಮಗೆ ದೂರ ಹೋಗಬೇಕಾಗಿಲ್ಲ. ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರ ಡಿಸೆಂಬರ್ 10ರಂದು ಚಕ್ರವರ್ತಿ ರಾಜಗೋಪಾಲಾಚಾರಿ, ಅಂದರೆ ರಾಜಾಜಿ, ಹುಟ್ಟಿದರು. ತಂದೆ ಆ ಊರಿನ ಮುನ್ಸೀಫರು. ಹುಡುಗ ಹೊಸೂರಿನ ಶಾಲೆಯಲ್ಲಿ ಓದಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದ. ಅವರಿಗಿಂತ ಒಂಬತ್ತು ತಿಂಗಳಿಗೆ ಕಿರಿಯರು ಈರೋಡಿನ ಇ. ವೆ. ರಾಮಸಾಮಿ. ಮನೆಮಾತು ಕನ್ನಡ. ತಮಿಳುನಾಡು ಅವರನ್ನು ಪೆರಿಯಾರ್ ಎಂದು ಕರೆಯಿತು. ಒಬ್ಬರು ಸೇಲಂ ಪುರಸಭೆಯ ಅಧ್ಯಕ್ಷರು, ಇನ್ನೊಬ್ಬರು ಈರೋಡು ಪುರಸಭೆಯ ಅಧ್ಯಕ್ಷರು. ಹಾಗೆ ಪರಿಚಯವಾಗಿ, ರಾಮಸಾಮಿಯವರನ್ನು ಕಾಂಗ್ರೆಸ್ಸಿಗೆ ಕರೆತಂದವರು ರಾಜಾಜಿ. 1925ರಲ್ಲಿ ಕಾಂಚೀಪುರದ ಸಮ್ಮೇಳನದಲ್ಲಿ ರಾಮಸಾಮಿ ಕಾಂಗ್ರೆಸ್ ಬಿಟ್ಟರು. ಅಲ್ಲಿಂದ ಮುಂದೆ ಸುಮಾರು ಐವತ್ತು ವರ್ಷ ಇವರಿಬ್ಬರು ಒಂದೇ ನಾಡಿನ ಎರಡು ತುದಿ. ಒಬ್ಬರು ರಾಮಾಯಣ, ಮಹಾಭಾರತಗಳನ್ನು ಜನರ ಭಾಷೆಯಲ್ಲಿ ಬರೆದು ಮನೆಮನೆಗೆ ಕೊಟ್ಟರು. ಇನ್ನೊಬ್ಬರು ಆ ಕಾವ್ಯಗಳನ್ನೇ ಜಾತಿಯ ಬೇರು ಎಂದು ಬಯಲಿನಲ್ಲಿ ನಿಂತು ಖಂಡಿಸಿದರು.

1937ರಲ್ಲಿ ಮದ್ರಾಸ್ ಪ್ರಾಂತದ ಪ್ರಧಾನಿಯಾದ ರಾಜಾಜಿ ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಲು ಹೊರಟರು. ಪೆರಿಯಾರ್ ಎದುರು ನಿಂತರು, ಜೈಲಿಗೆ ಹೋದರು. ಅವರನ್ನು ಇಟ್ಟಿದ್ದ ಜೈಲುಗಳಲ್ಲಿ ಬಳ್ಳಾರಿಯದೂ ಒಂದು. ಕನ್ನಡ ಮನೆಮಾತಿನ ಮನುಷ್ಯ ತಮಿಳಿಗಾಗಿ ಹೋರಾಡಿ ಕನ್ನಡದ ಊರಿನ ಜೈಲಿನಲ್ಲಿ ಕೂತಿದ್ದರು, ಅವರನ್ನು ಅಲ್ಲಿಗೆ ಕಳಿಸಿದ ಸರ್ಕಾರದ ತಲೆಯಾಗಿದ್ದವರು ಹೊಸೂರಿನವರು. ನನಗೆ ಮುಖ್ಯ ಅನಿಸುವುದು ಮುಂದಿನ ಮಾತು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ರಾಜಾಜಿ ತಮ್ಮ ನಿಲುವನ್ನು ಬದಲಿಸಿದ್ದರು. 1965ರ ಹೊತ್ತಿಗೆ ಹಿಂದಿಯೊಂದೇ ಆಡಳಿತ ಭಾಷೆಯಾಗಬಾರದು ಎಂಬ ದನಿಗಳಲ್ಲಿ ಅವರದು ದೊಡ್ಡ ದನಿ. ಮೊಮ್ಮಕ್ಕಳ ವಯಸ್ಸಿನವರ ಎದುರು, ತಾವೇ ಜೈಲಿಗೆ ಕಳಿಸಿದವರ ವಾದದ ಪಕ್ಕಕ್ಕೆ ಬಂದು ನಿಲ್ಲಲು ಅವರು ನಾಚಲಿಲ್ಲ. ಎದುರಾಳಿಯ ಮಾತು ಕಿವಿಗೆ ಬೀಳುವ ಕಡೆ ಮಾತ್ರ ಮನಸ್ಸು ಹೀಗೆ ತಿರುಗಲು ಸಾಧ್ಯ. ಇಂದು ಒಬ್ಬ ನಾಯಕ ನಿಲುವು ಬದಲಿಸಿದರೆ ಆ ಬದಲಾವಣೆಗೆ ಕಾರಣ ಕೇಳುವವರಿಲ್ಲ, ಹಳೆಯ ವಿಡಿಯೊ ಹುಡುಕಿ ತೆಗೆಯುವವರಿದ್ದಾರೆ.

ಅವರ ಕಾಲ ಚಿನ್ನದ ಕಾಲವಾಗಿತ್ತು ಎಂದು ನಾನು ಹೇಳುತ್ತಿಲ್ಲ. 1953ನ್ನೇ ನೋಡಿ. ಆಗ ಮುಖ್ಯಮಂತ್ರಿಯಾಗಿದ್ದ ರಾಜಾಜಿ ಚುನಾವಣೆಗೆ ನಿಲ್ಲದೆ ಮೇಲ್ಮನೆಗೆ ನಾಮಕರಣವಾಗಿ ಬಂದವರು. ಕಮ್ಯುನಿಸ್ಟ್ ನಾಯಕ ಪಿ. ರಾಮಮೂರ್ತಿ ಅದನ್ನು ಪ್ರಶ್ನಿಸಿ ಹೈಕೋರ್ಟಿಗೇ ಹೋಗಿದ್ದರು. ರಾಜಾಜಿಯಾದರೋ ಕಮ್ಯುನಿಸ್ಟರೇ ತಮ್ಮ ಮೊದಲ ಶತ್ರು ಎಂದು ಸದನದಲ್ಲಿ ಸಾರಿದ್ದರು. ಆ ವರ್ಷ ಅವರ ಸರ್ಕಾರ ಹಳ್ಳಿಯ ಪ್ರಾಥಮಿಕ ಶಾಲೆಗಳ ಸಮಯವನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿ ಎರಡು ಪಾಳಿ ಮಾಡಿತು. ಕಟ್ಟಡವಿಲ್ಲ, ಮೇಷ್ಟರಿಲ್ಲ, ಇರುವುದರಲ್ಲೇ ಹೆಚ್ಚು ಮಕ್ಕಳಿಗೆ ಅಕ್ಷರ ಕಲಿಸಬಹುದು, ಉಳಿದ ಹೊತ್ತು ಮಗು ಮನೆಯವರ ಕಸುಬು ಕಲಿಯಲಿ ಎಂಬುದು ಅವರ ಲೆಕ್ಕ. ಪೆರಿಯಾರ್ ಮತ್ತು ಅಣ್ಣಾದುರೈ ಇದನ್ನು ಕುಲಕಲ್ವಿ ತಿಟ್ಟಂ, ಕುಲದ ವಿದ್ಯೆಯ ಯೋಜನೆ ಎಂದು ಕರೆದರು. ಕ್ಷೌರಿಕನ ಮಗ ಕ್ಷೌರಿಕನೇ ಆಗಬೇಕೋ ಎಂದು ಕೇಳಿದರು. ಆ ಹೆಸರು ಎಷ್ಟು ಗಟ್ಟಿಯಾಗಿ ಅಂಟಿತೆಂದರೆ ಯೋಜನೆಯ ನಿಜ ಹೆಸರು ಇಂದು ಪುಸ್ತಕಗಳಲ್ಲಿ ಮಾತ್ರ ಉಳಿದಿದೆ.

ಹೆಸರಿಡುವುದೂ ಒಂದು ಏಟು. ಅಣ್ಣಾದುರೈಯವರ ಪಕ್ಷವಾದ ಡಿಎಂಕೆಯವರು ರಾಜಾಜಿಯನ್ನು ಕುಲ್ಲೂಕ ಭಟ್ಟ ಎಂದು ಕರೆಯುತ್ತಿದ್ದರು. ಅದು ಜಾತಿಯನ್ನೇ ಹಿಡಿದು ಆಡಿದ ಮಾತು, ಅದನ್ನು ನಾನು ಸಮರ್ಥಿಸಲಾರೆ. ಆದರೂ ಆ ಹೆಸರು ಅರ್ಥವಾಗಬೇಕಾದರೆ ಕೇಳುವವನಿಗೆ ಮನುಸ್ಮೃತಿಗೆ ವ್ಯಾಖ್ಯಾನ ಬರೆದವನು ಯಾರೆಂದು ಗೊತ್ತಿರಬೇಕು, ಮೂರು ಗಂಟೆಯ ಶಾಲೆಗೂ ಆ ವ್ಯಾಖ್ಯಾನಕ್ಕೂ ಏನು ನಂಟು ಎಂದು ಯೋಚಿಸಬೇಕು. ಬಯ್ಯುವಾಗಲೂ ವಾದದ ಎಳೆ ಕೈಬಿಟ್ಟಿರಲಿಲ್ಲ. ಅದೇ ವರ್ಷ ಡಿಎಂಕೆ ಹೂಡಿದ ಮುಮ್ಮುಖ ಹೋರಾಟದ ಒಂದು ಮುಖ, ನೆಹರೂ ಆ ಪಕ್ಷದ ಚಳವಳಿಯನ್ನು ‘ನಾನ್‌ಸೆನ್ಸ್’ ಎಂದರೆಂಬುದರ ವಿರುದ್ಧವಾಗಿತ್ತು. ಪ್ರಧಾನಿಯ ಬಾಯಿಂದ ಬಂದ ಒಂದು ಪದವನ್ನು ಪ್ರತಿಭಟನೆಗೆ ಯೋಗ್ಯ ಎಂದು ಆ ಕಾಲ ಎಣಿಸಿತು. ಇವತ್ತು ಅಂಥ ಪದ ಸಂಜೆಯೊಳಗೆ ಮರೆತುಹೋಗುತ್ತದೆ, ಅದಕ್ಕಿಂತ ಕೀಳಾದದ್ದು ಅಷ್ಟರಲ್ಲಿ ಬಂದಿರುತ್ತದೆ.

ಶಾಲೆಯ ಆ ಜಗಳ ಹೇಗೆ ಮುಗಿಯಿತು ಎಂಬುದೂ ಮುಖ್ಯ. ವಿಧಾನಸಭೆಯಲ್ಲಿ ಗಂಭೀರ ಚರ್ಚೆ ಆಯಿತು, ಮತಗಳು ಕೂದಲೆಳೆಯ ಅಂತರಕ್ಕೆ ಬಂದವು, ಯೋಜನೆ ಪರುಳೇಕರ್ ಸಮಿತಿಯ ಮುಂದೆ ಹೋಯಿತು. ಸಮಿತಿ ಒಪ್ಪಿದರೂ ಜನ ಒಪ್ಪಲಿಲ್ಲ, ಸ್ವಂತ ಪಕ್ಷದವರೂ ಒಪ್ಪಲಿಲ್ಲ. 1954ರ ಏಪ್ರಿಲ್‌ನಲ್ಲಿ ರಾಜಾಜಿ ಇಳಿದರು, ಕಾಮರಾಜ್ ಬಂದರು, ಯೋಜನೆ ಹೋಯಿತು. ಈ ವಾದದಲ್ಲಿ ನಾನು ಪೆರಿಯಾರ್ ಕಡೆಯವನು. ಮೂರು ಗಂಟೆಯ ಶಾಲೆ ನಮ್ಮಂಥ ಸೀಮೆಯ ಬಡ ಮಕ್ಕಳಿಗೆ ಮಾಡುತ್ತಿದ್ದ ನಷ್ಟ ಸಣ್ಣದಲ್ಲ. ಆದರೆ ಎರಡೂ ಕಡೆಯ ವಾದವನ್ನು ಇಂದಿಗೂ ನಾನು ಹೀಗೆ ತೂಗಿ ನೋಡಬಲ್ಲೆ. ಎಪ್ಪತ್ತು ವರ್ಷಗಳ ನಂತರ, ಗಂಟೆಗಳ ಲೆಕ್ಕ ಹಿಡಿದು ಕೂತು ತೂಗಬಲ್ಲೆ. ನಿನ್ನೆ ಸಂಜೆಯ ಟಿವಿ ಚರ್ಚೆಯನ್ನು ಹಾಗೆ ತೂಗಲು ಯಾರಿಂದಾದರೂ ಆದೀತೇ? ತಕ್ಕಡಿಗೆ ಹಾಕಲು ಅಲ್ಲಿ ಏನು ಸಿಗುತ್ತದೆ?

ಇನ್ನು 2008ಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯ ಹೊಟ್ಟೆಗೆ ನೇರ ಸಂಬಂಧಪಟ್ಟ ವಿಷಯವೊಂದು ಎರಡು ರಾಜ್ಯಗಳ ವೇದಿಕೆಗೆ ಸಿಕ್ಕಿ ಏನಾಯಿತು ಎಂಬುದಕ್ಕೆ ಹೊಗೇನಕಲ್ ಕುಡಿಯುವ ನೀರಿನ ಯೋಜನೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಲೀಟರ್ ನೀರಿಗೆ 1.5 ಮಿಲಿಗ್ರಾಂ ಮೇಲಿನ ಮಿತಿ. ಎಷ್ಟೋ ಬೋರ್‌ವೆಲ್‌ಗಳ ನೀರು ಅದನ್ನು ಮೀರುತ್ತದೆ. ಆ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬೀಳುತ್ತದೆ, ವಯಸ್ಸಾದಂತೆ ಬೆನ್ನು, ಕೀಲು ಬಿಗಿಯುತ್ತವೆ. ಕಾವೇರಿಯಿಂದ ಕುಡಿಯುವ ನೀರು ತರುವುದೇ ಇದಕ್ಕೆ ದಾರಿ. ಜಪಾನಿನ ಸಾಲದ ನೆರವಿನಿಂದ ಯೋಜನೆಗೆ 2008ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆ ಆಯಿತು.

ಕರ್ನಾಟಕದಲ್ಲಿ ಆಗ ರಾಷ್ಟ್ರಪತಿ ಆಳ್ವಿಕೆ, ಮೇ ತಿಂಗಳಲ್ಲಿ ಚುನಾವಣೆ. ಗಡಿಯ ಪ್ರಶ್ನೆ ಬಂತು, ಕಾವೇರಿಯ ಪಾಲಿನ ಪ್ರಶ್ನೆ ಬಂತು. ಇವು ಕೇಳಬೇಕಾದ ಪ್ರಶ್ನೆಗಳೇ. ನದಿಯ ನಡುವೆ ಗಡಿ ಎಲ್ಲಿ ಹಾಯುತ್ತದೆ, ಎಷ್ಟು ನೀರು, ಯಾರ ಪಾಲಿನಿಂದ ಎಂದು ಕೇಳಿದ್ದರೆ ಉತ್ತರ ಕಾಗದದಲ್ಲಿತ್ತು. 1998ರಲ್ಲೇ ಕೇಂದ್ರದ ಮಧ್ಯಸ್ಥಿಕೆಯಲ್ಲಿ ಎರಡು ರಾಜ್ಯಗಳ ನಡುವೆ ಇದರ ಮಾತುಕತೆ ನಡೆದಿತ್ತು. ಆದರೆ ಕಾಗದ ತೆಗೆಯುವ ಮೊದಲೇ ಮೈಕ್ ಬಂತು. ಬೆಂಗಳೂರಿನಲ್ಲಿ ತಮಿಳು ಸಿನಿಮಾ ತೋರಿಸುವ ಚಿತ್ರಮಂದಿರಗಳಿಗೆ ಕಲ್ಲು ಬಿತ್ತು. ಏಪ್ರಿಲ್ 4ರಂದು ಚೆನ್ನೈಯಲ್ಲಿ ಚಿತ್ರರಂಗದವರು ಉಪವಾಸ ಕೂತರು. ಬೆಂಗಳೂರಿನಲ್ಲೇ ಬೆಳೆದು ಬಸ್ ಕಂಡಕ್ಟರ್ ಆಗಿದ್ದ ರಜನಿಕಾಂತ್ ಅಲ್ಲಿ ಆಡಿದ ಬಿಸಿ ಮಾತು ಮತ್ತಷ್ಟು ಉರಿ ಹಚ್ಚಿತು. ಕೆಲವು ತಿಂಗಳಲ್ಲಿ ತಮ್ಮ ‘ಕುಸೇಲನ್’ ಬಿಡುಗಡೆಯ ಹೊತ್ತಿಗೆ ಅವರು ವಿಷಾದ ಹೇಳಬೇಕಾಯಿತು, ಆಗ ಈ ಕಡೆಯವರು ಸಿಟ್ಟಾದರು. ಏಪ್ರಿಲ್‌ನಲ್ಲೇ ಮುಖ್ಯಮಂತ್ರಿ ಕರುಣಾನಿಧಿ, ಕರ್ನಾಟಕದಲ್ಲಿ ಚುನಾಯಿತ ಸರ್ಕಾರ ಬರುವವರೆಗೆ ಕಾಯೋಣ ಎಂದರು. ಆ ಗದ್ದಲದಲ್ಲಿ ಎದುರಿನವರನ್ನು ನೆನೆದು ಆಡಿದ ಮಾತು ಅದೊಂದೇ ಎಂದು ನನಗೆ ಈಗಲೂ ಅನಿಸುತ್ತದೆ.

ಆ ದಿನಗಳಲ್ಲಿ, ಮತ್ತೆ 2016ರ ಸೆಪ್ಟೆಂಬರಿನ ಕಾವೇರಿ ಗಲಭೆಯಲ್ಲಿ, ಹೊಸೂರಿನ ಬಸ್ಸುಗಳು ಜೂಜುವಾಡಿಯಲ್ಲಿ ನಿಲ್ಲುತ್ತಿದ್ದವು, ಬೆಂಗಳೂರಿನ ಬಸ್ಸುಗಳು ಅತ್ತಿಬೆಲೆಯಲ್ಲಿ. ನಡುವಿನ ದಾರಿ ನಡೆಯಬೇಕು. ಮಗುವನ್ನು ಹೆಗಲ ಮೇಲೆ ಹೊತ್ತವರು, ಆಸ್ಪತ್ರೆಯ ಫೈಲ್ ಹಿಡಿದವರು, ಕಾರ್ಖಾನೆಯ ಪಾಳಿಗೆ ಹೊರಟವರು, ಗುಲಾಬಿಯ ಕಟ್ಟು ತಲೆಯ ಮೇಲಿಟ್ಟುಕೊಂಡವರು ಸಾಲಾಗಿ ನಡೆಯುತ್ತಿದ್ದರು. ನಾನೂ ನಡೆದಿದ್ದೇನೆ. ಪಕ್ಕದಲ್ಲಿ ನಡೆಯುತ್ತಿದ್ದವರು ಯಾರೋ ಕೇಳಿದರು, ‘ಏನಣ್ಣಾ, ನಿಮ್ಮೋರು ನೀರು ಬಿಡ್ತಾರಾ?’ ಕನ್ನಡದಲ್ಲೇ ಕೇಳಿದರು, ಅವರ ಮನೆಮಾತು ತೆಲುಗು ಎಂದು ಉಚ್ಚಾರದಿಂದ ತಿಳಿಯುತ್ತಿತ್ತು. ‘ಮಳೆ ಬರಲಿ ನೋಡೋಣಪ್ಪ’ ಎಂದೆ. ‘ಅದೂ ಸರೀನೇ. ಕೆಆರ್‌ಎಸ್ ಎಷ್ಟಡಿ ಐತೆ ಈವಾಗ?’ ಎಂದರು. ಅಲ್ಲಿಂದ ಅತ್ತಿಬೆಲೆಯವರೆಗೆ ಕೆಆರ್‌ಎಸ್‌ನ ಅಡಿಗಳನ್ನೂ ಅವರ ಊರಿನ ಕೆರೆ ಒಣಗಿದ್ದನ್ನೂ ಮಾತಾಡಿದೆವು. ನಾವು ಹೊರಟ ಕಡೆ ಒಂದು ಧ್ವನಿವರ್ಧಕ ಕೂಗುತ್ತಿತ್ತು, ತಲುಪಿದ ಕಡೆ ಇನ್ನೊಂದು. ಎರಡರ ಬಾಯಲ್ಲೂ ಕೆಆರ್‌ಎಸ್‌ನ ಅಡಿಯ ಸುದ್ದಿ ಇರಲಿಲ್ಲ.

ಹೊಗೇನಕಲ್ ನೀರು 2013ರಲ್ಲಿ ಬಂತು. ನಲ್ಲಿಯ ಮುಂದೆ ನಿಂತವರಲ್ಲಿ ಕನ್ನಡದವರಿದ್ದಾರೆ, ತೆಲುಗರಿದ್ದಾರೆ, ತಮಿಳರಿದ್ದಾರೆ, ಉರ್ದು ಮಾತಿನವರಿದ್ದಾರೆ. ಕನ್ನಡಿಗರ ಹಕ್ಕಿಗಾಗಿ ಎಂದು ಅಂದು ಕೂಗಿದವರಿಗೆ ದೆಂಕಣಿಕೋಟೆ, ತಳಿ, ಕೆಲಮಂಗಲದ ಕನ್ನಡ ಮಕ್ಕಳ ಹಲ್ಲು ಕಾಣಲಿಲ್ಲ ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಬೈಗುಳಕ್ಕೆ ಒಂದು ಜೋಡಿ ಇದೆ, ಅದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಹೊಗಳಿಕೆ. ನಮ್ಮ ಬರಗೂರು ಕ್ಷೇತ್ರದಿಂದ 1991ರಲ್ಲಿ ಗೆದ್ದ ಜಯಲಲಿತಾ ಮುಖ್ಯಮಂತ್ರಿಯಾದರು. ಅದಕ್ಕೆ ಎರಡು ವರ್ಷ ಮೊದಲು, 1989ರ ಮಾರ್ಚ್ 25ರಂದು, ಬಜೆಟ್ಟಿನ ದಿನ ವಿಧಾನಸಭೆಯಲ್ಲಿ ಕೈಕೈ ಮಿಲಾಯಿಸಿ, ವಿರೋಧ ಪಕ್ಷದ ನಾಯಕಿಯಾಗಿದ್ದ ಅವರು ಕೆದರಿದ ಕೂದಲಿನಲ್ಲಿ ಹೊರಬಂದದ್ದು ಆ ಸದನದ ಅತಿ ಕೆಟ್ಟ ದಿನಗಳಲ್ಲಿ ಒಂದು. ಅವರು ಅಧಿಕಾರಕ್ಕೆ ಬಂದ ಮೇಲೆ ವೇದಿಕೆಯ ಮಾತು ಇನ್ನೊಂದು ದಾರಿ ಹಿಡಿಯಿತು. ಭಾಷಣದ ಅರ್ಧ ಬಿರುದು, ಉಳಿದರ್ಧ ಎದುರು ಪಕ್ಷದ ಮನೆತನ. ಇದು ಒಂದು ಪಕ್ಷದ ಚಾಳಿಯಲ್ಲ, ಎಲ್ಲರೂ ಕಲಿತರು. ಬಿರುದಿನ ಮಾತಿಗೆ ಯಾರೂ ಉತ್ತರ ಕೊಡಲಾರರು, ಬೈಗುಳಕ್ಕೂ ಕೊಡಲಾರರು. ಎರಡರ ನಡುವೆ ರಸ್ತೆ, ಶಾಲೆ, ಮಾವಿನ ಬೆಲೆ ಕುರಿತ ಒಂದು ವಾಕ್ಯ ತೂರಿಸಲೂ ಜಾಗ ಇರುವುದಿಲ್ಲ. 1996ರಲ್ಲಿ ಬರಗೂರಿನ ಜನ ಅದೇ ಮುಖ್ಯಮಂತ್ರಿಯನ್ನು ಎಂಟು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿ, ಡಿಎಂಕೆಯ ಇ. ಜಿ. ಸುಗವನಂ ಅವರನ್ನು ಗೆಲ್ಲಿಸಿದರು.

ಗಡಿಯ ಆಚೆಯೂ ಇದೇ ಕತೆ. 2025ರ ಮಾರ್ಚಿನಲ್ಲಿ ಕರ್ನಾಟಕದ ವಿಧಾನಸಭೆಯಲ್ಲಿ ಸಭಾಧ್ಯಕ್ಷರ ಪೀಠದತ್ತ ಕಾಗದ ಹರಿದು ತೂರಿದ್ದಕ್ಕೆ 18 ಶಾಸಕರನ್ನು ಆರು ತಿಂಗಳು ಅಮಾನತು ಮಾಡಿ, ಮೇ ತಿಂಗಳಲ್ಲಿ ಹಿಂದಕ್ಕೆ ಕರೆದುಕೊಂಡರು. ಅದೇ ಮೇ ತಿಂಗಳಲ್ಲಿ ಚೆನ್ನೈಯ ಸಿನಿಮಾ ಸಮಾರಂಭವೊಂದರಲ್ಲಿ ಕಮಲ್ ಹಾಸನ್, ಕನ್ನಡ ತಮಿಳಿನಿಂದ ಹುಟ್ಟಿದ್ದು ಎಂದರು. ಅದು ತಪ್ಪು ಮಾತು. ತಮಿಳೂ ಕನ್ನಡವೂ ಒಂದೇ ಮೂಲದಿಂದ ಕವಲೊಡೆದ ಭಾಷೆಗಳು ಎಂಬುದನ್ನು ಪಂಡಿತರು ಎಂದೋ ಹೇಳಿದ್ದಾರೆ. ಕಾಲ್ಡ್‌ವೆಲ್ಲರ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬಂದದ್ದು 1856ರಲ್ಲಿ. ಸುಮಾರು 450ರ ಹಲ್ಮಿಡಿ ಶಾಸನದ ಚಿತ್ರ ಶಾಲೆಯ ಪಠ್ಯದಲ್ಲೇ ಇದೆ. ಹತ್ತು ನಿಮಿಷ ಕೂತು ಮಾತಾಡಿದ್ದರೆ ಮುಗಿಯುತ್ತಿದ್ದ ವಿಷಯ, ಕ್ಷಮೆ ಕೇಳು, ಕೇಳುವುದಿಲ್ಲ ಎಂಬ ಹಟಕ್ಕೆ ತಿರುಗಿತು. ಕಮಲ್ ಅವರ ಸಿನಿಮಾ ಕರ್ನಾಟಕದಲ್ಲಿ ಬಿಡುಗಡೆಯಾಗಲಿಲ್ಲ. ಹೈಕೋರ್ಟು ಕ್ಷಮೆಯ ಮಾತೆತ್ತಿತು. ಪ್ರಮಾಣಪತ್ರ ಪಡೆದ ಸಿನಿಮಾವನ್ನು ಬೆದರಿಕೆಯಿಂದ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಎರಡೂ ಕಡೆ ಗೆದ್ದೆವೆಂದರು. ಅವರಲ್ಲಿ ಒಬ್ಬರಾದರೂ ಹೊಸ ವಿಷಯವೊಂದನ್ನು ಕಲಿತದ್ದು ನನಗೆ ಕಾಣಲಿಲ್ಲ.

ಹೊಸೂರಿನ ಮಾರುಕಟ್ಟೆಯಲ್ಲಿ ದಿನ ಬೆಳಗಾದರೆ ನಡೆಯುವುದನ್ನು ಇದರ ಪಕ್ಕ ಇಟ್ಟು ನೋಡಬೇಕು. ಬಾಗಲೂರಿನ ಹೂವಿನವನು ತೆಲುಗಿನಲ್ಲಿ ಬೆಲೆ ಹೇಳುತ್ತಾನೆ, ಆನೇಕಲ್ಲಿನವನು ಕನ್ನಡದಲ್ಲಿ ಕಡಿಮೆ ಮಾಡು ಎನ್ನುತ್ತಾನೆ, ತೂಗುವವನು ತಮಿಳಿನಲ್ಲಿ ಎಣಿಸುತ್ತಾನೆ. ಚೌಕಾಸಿಯಲ್ಲಿ ದನಿ ಏರುತ್ತದೆ, ಒಮ್ಮೊಮ್ಮೆ ಬೈಗುಳವೂ ಬೀಳುತ್ತದೆ. ಆದರೆ ಬಿಸಿ ಏರಿದಾಗ ಎದುರಿನವನ ಭಾಷೆಗೆ ತಿರುಗುವುದು ಇಲ್ಲಿನ ರೂಢಿ, ಅವನಿಗೆ ಸರಿಯಾಗಿ ತಿಳಿಯಲಿ ಎಂದು. ವ್ಯಾಪಾರ ಕುದುರಬೇಕಲ್ಲ. ಕೃಷ್ಣಗಿರಿಯ ಸಂಸದರು 2024ರಲ್ಲಿ ಲೋಕಸಭೆಯಲ್ಲಿ ತೆಲುಗಿನಲ್ಲಿ ಪ್ರಮಾಣವಚನ ತೆಗೆದುಕೊಂಡದ್ದು ಹೊರಗಿನವರಿಗೆ ಸೋಜಿಗವಾಗಿರಬಹುದು, ನಮಗೆ ಆಗಲಿಲ್ಲ. ವೇದಿಕೆಯ ಮೇಲೆ ಮಾತ್ರ ಈ ರೂಢಿ ತಿರುಗುಮುರುಗಾಗಿದೆ. ಮತ ಕೇಳಲು ಮೂರೂ ಭಾಷೆ ಬೇಕು, ಎದುರಾಳಿಗೆ ಉತ್ತರ ಕೊಡಲು ಒಂದೂ ಸಿಗುವುದಿಲ್ಲ.

ಮತ್ತೆ ಆ ಇಬ್ಬರು ಹಳಬರ ಕತೆಗೆ ಬರುತ್ತೇನೆ. 1949ರಲ್ಲಿ ಮಣಿಯಮ್ಮೈಯವರನ್ನು ಮದುವೆಯಾಗುವ ಮೊದಲು ಪೆರಿಯಾರ್ ತಿರುವಣ್ಣಾಮಲೈಯಲ್ಲಿ ರಾಜಾಜಿಯನ್ನು ಕಂಡರು. ರಾಜಾಜಿ ಆಗ ಗವರ್ನರ್ ಜನರಲ್. ಆ ಮದುವೆ ಪೆರಿಯಾರ್ ಅವರ ಪಕ್ಷವನ್ನೇ ಒಡೆಯಿತು, ಅಣ್ಣಾದುರೈ ಹೊರಬಂದು ಸೆಪ್ಟೆಂಬರ್ 17ರಂದು ಡಿಎಂಕೆ ಕಟ್ಟಿದರು. ರಾಜಾಜಿ ಏನು ಹೇಳಿಕೊಟ್ಟರೋ ಎಂದು ಊರೆಲ್ಲ ಅನುಮಾನಿಸಿತು. ಆ ಮಾತುಕತೆಯನ್ನು ಪೆರಿಯಾರ್ ಯಾವ ವೇದಿಕೆಗೂ ತರಲಿಲ್ಲ. ಅದಾಗಿ ನಾಲ್ಕು ವರ್ಷಕ್ಕೆ ಶಾಲೆಯ ವಿಷಯದಲ್ಲಿ ಅದೇ ರಾಜಾಜಿಯ ಮೇಲೆ ಅವರು ಉರಿದು ಬಿದ್ದಾಗಲೂ ಆ ದಿನದ ಗುಟ್ಟು ಆಯುಧವಾಗಲಿಲ್ಲ. 1972ರ ಡಿಸೆಂಬರಿನಲ್ಲಿ ರಾಜಾಜಿ ತೀರಿಕೊಂಡಾಗ ತೊಂಬತ್ತಮೂರರ ಪೆರಿಯಾರ್ ಗಾಲಿಕುರ್ಚಿಯಲ್ಲಿ ಸುಡುಗಾಡಿಗೆ ಬಂದು ಅತ್ತರು. ಆ ಚಿತ್ರವನ್ನು ಈಗ ಎಲ್ಲ ಪಕ್ಷದವರೂ ಹಂಚುತ್ತಾರೆ, ದೊಡ್ಡ ಮನಸ್ಸು ಎನ್ನುತ್ತಾರೆ. ನನಗೆ ಆ ಕಣ್ಣೀರಿಗಿಂತ, ಅದಕ್ಕೆ ಮುಂಚಿನ ಇಪ್ಪತ್ತಮೂರು ವರ್ಷದ ಮೌನ ದೊಡ್ಡದಾಗಿ ಕಾಣುತ್ತದೆ.

ಬೈಗುಳ ಯಾವ ಪ್ರಶ್ನೆಯ ಜಾಗದಲ್ಲಿ ಕೂತಿದೆ ಎಂದು ಕೇಳಿದರೆ ನನ್ನ ಬಳಿ ಒಂದು ಉತ್ತರವಿದೆ. 2006ರ ತಮಿಳು ಕಲಿಕೆ ಕಾಯ್ದೆಯಿಂದ ಎಲ್ಲ ಶಾಲೆಗಳಲ್ಲೂ ತಮಿಳು ಒಂದೊಂದೇ ತರಗತಿಯಾಗಿ ಕಡ್ಡಾಯವಾಯಿತು. ಕನ್ನಡ, ತೆಲುಗು, ಉರ್ದು ಮಾಧ್ಯಮದ ಮಕ್ಕಳು ಹತ್ತನೇ ತರಗತಿಗೆ ಬಂದಾಗ ಪರೀಕ್ಷೆಯ ವಿನಾಯಿತಿಗಾಗಿ ವರ್ಷವರ್ಷ ಕೋರ್ಟಿನ ಬಾಗಿಲು ಕಾಯಬೇಕಾಯಿತು. 2023ರಲ್ಲೂ ಸುಪ್ರೀಂ ಕೋರ್ಟು ಆ ವರ್ಷದ ಮಟ್ಟಿಗೆ ವಿನಾಯಿತಿ ಕೊಟ್ಟಿತು. ತಮಿಳು ಕಲಿಯಬೇಕು, ಇಲ್ಲಿ ಬಾಳುವವರಿಗೆ ಅದು ಬೇಕು. ಅದರ ಜೊತೆಗೆ ತಾಯ್ನುಡಿಯೂ ಉಳಿಯುವುದು ಹೇಗೆ, ಮೇಷ್ಟರನ್ನು ಯಾರು ಕೊಡುತ್ತಾರೆ ಎಂಬುದು ಎರಡು ಕಡೆಯವರೂ ಕೂತು ಮಾತಾಡಬೇಕಾದ ವಿಷಯ.

ಕೆಲವು ವರ್ಷಗಳ ಹಿಂದೆ ಕೆಲಮಂಗಲದ ಕಡೆಯ ಹಳ್ಳಿಯೊಂದರಲ್ಲಿ ಚುನಾವಣೆಯ ಸಭೆ ನಡೆಯಿತು. ಯಾವ ಪಕ್ಷ ಎಂದು ಹೇಳುವುದಿಲ್ಲ. ಒಂದು ಗಂಟೆ ಎದುರು ಪಕ್ಷದವರ ಹೆಂಡತಿ, ಮಕ್ಕಳು, ಆಸ್ತಿಯ ಮಾತಾಯಿತು, ಜನ ನಕ್ಕರು. ಭಾಷಣ ಮುಗಿಯುತ್ತಿದ್ದಂತೆ ಹಿಂದಿನ ಸಾಲಿನಿಂದ ವಯಸ್ಸಾದ ರೈತರೊಬ್ಬರು ಎದ್ದರು. ‘ಸ್ವಾಮೀ, ನಮ್ಮೂರ ಸ್ಕೂಲಲ್ಲಿ ಕನ್ನಡದ ಮೇಷ್ಟ್ರು ರಿಟೈರಾದರು. ಬೇರೆಯವರನ್ನ ಯಾವಾಗ ಹಾಕ್ತೀರಾ?’ ಎಂದು ಕೇಳಿದರು. ವೇದಿಕೆಯವರು ಕೈಮುಗಿದು ನಕ್ಕು, ಇಳಿಯಲು ಮೆಟ್ಟಿಲ ಕಡೆ ತಿರುಗಿದರು. ತಾವು ಕೇಳಿದ್ದು ಅವರಿಗೆ ತಿಳಿಯಲಿಲ್ಲ ಎಂದುಕೊಂಡರೇನೋ, ಹಿರಿಯರು ಅದನ್ನೇ ತೆಲುಗಿನಲ್ಲಿ ಕೇಳಿದರು. ಆಮೇಲೆ ತಮಿಳಿನಲ್ಲಿ, ನಿಧಾನವಾಗಿ, ಪದ ಹುಡುಕಿ ಹುಡುಕಿ ಕೇಳಿದರು. ವೇದಿಕೆಯ ಮೇಲಿದ್ದ ಐವರಿಗೂ ಮೂರೂ ಭಾಷೆ ಬರುತ್ತಿತ್ತು. ಅಷ್ಟರಲ್ಲಿ ಮೈಕ್ ಸೆಟ್ಟಿನ ಹುಡುಗ ಪಕ್ಷದ ಹಾಡು ಹಾಕಿದ.